ನೀರು ಎಲ್ಲಿವರೆಗೆ ಬೈಂದು?

ಹಳ್ಳಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಮಳೆಗಾಲದಲ್ಲಿ ಮೂರು 'ಇಲ್ಲ'ಗಳು ಗಂಟು ಬೀಳುತ್ತವೆ. ಕರೆಂಟ್ ಇಲ್ಲ, ಬಸ್ ಇಲ್ಲ, ನೆಟ್ ಇಲ್ಲ. ಮೊದಲ ಎರಡರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕರೆಂಟ್ ಹೋದರೆ ಇಡೀ ಊರಿಗೇ ಹೋಗಿರುತ್ತದೆ. ಬಸ್ಸು ಬಾರದಿದ್ದರೆ ಹಳ್ಳ ತುಂಬಿದೆ ಅಂತ ಡೇರಿಗೆ ಹಾಲು ಕೊಡಲು ಹೋದವರು ಸುದ್ದಿ ತರುತ್ತಾರೆ. ನೆಟ್ ಮಾತ್ರ ಹಾಗಲ್ಲ. ಅದು ನಮಗೊಬ್ಬರಿಗೇ ಹೋಯಿತೋ, ಎಲ್ಲರಿಗೂ ಹೋಯಿತೋ, ತಪ್ಪು ಕಂಪ್ಯೂಟರಿನದೋ, ತಂತಿಯದೋ, ಒಂದೂ ಗೊತ್ತಾಗುವುದಿಲ್ಲ. ಪಕ್ಕದ ಮನೆಯಲ್ಲಿ ಕೇಳೋಣವೆಂದರೆ ಅಲ್ಲಿ ಕಂಪ್ಯೂಟರೇ ಇಲ್ಲ.

ಪತ್ರಿಕೋದ್ಯಮದ ಓದು ಮುಗಿಸಿದ ಮೇಲೆ ನಾವು ಮೂವರು ಸಹಪಾಠಿಗಳು ಶಿರಸಿ ಸೀಮೆಯ ಒಂದು ಹಳ್ಳಿಯಲ್ಲಿ, ನಮ್ಮಲ್ಲೊಬ್ಬನ ಮನೆಯ ಮೆತ್ತಿನ ಮೇಲೆ ಠಿಕಾಣಿ ಹೂಡಿದ್ದೇವೆ. ಅಲ್ಲಿಂದಲೇ ಪತ್ರಿಕೆಗಳಿಗೆ ವರದಿ, ಫೋಟೊ ಕಳಿಸುತ್ತೇವೆ. ಊರಿನ ಎಂಟು ಮನೆಗಳಿಗೆ ಫೋನ್ ಇದೆ, ಬ್ರಾಡ್‌ಬ್ಯಾಂಡ್ ಇರುವುದು ಈ ಮನೆಯೊಂದಕ್ಕೇ. ಹಾಗಾಗಿ ಪಹಣಿ ನೋಡಬೇಕಾದವರು, ಪರೀಕ್ಷೆಯ ಫಲಿತಾಂಶ ನೋಡಬೇಕಾದವರು, ಅಡಿಕೆ ದರ ನೋಡಬೇಕಾದವರು ಎಲ್ಲರೂ ಮೆಟ್ಟಿಲು ಹತ್ತಿ ನಮ್ಮ ಹತ್ತಿರವೇ ಬರುತ್ತಾರೆ.

ಈ ಸಲದ ಪುಷ್ಯ ಮಳೆಯಲ್ಲಿ ಒಂದು ಬೆಳಿಗ್ಗೆ ಹಾಗೆ ಬಂದವಳು ಕೆಳಗಿನ ಮನೆಯ ಹುಡುಗಿ. ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ್ದಾಳೆ. ಸ್ಕಾಲರ್‌ಶಿಪ್ಪಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು, ಅವತ್ತೇ ಕಡೆಯ ದಿನ. ಆದಾಯ ಪ್ರಮಾಣಪತ್ರ ಕೈಗೆ ಸಿಕ್ಕಿದ್ದು ಹಿಂದಿನ ಸಂಜೆ. ಅದನ್ನೂ ಅಂಕಪಟ್ಟಿಯನ್ನೂ ಪಾಸ್‌ಬುಕ್ಕಿನ ಜೆರಾಕ್ಸನ್ನೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ತಂದಿದ್ದಳು. ಗಂಟೆ ಒಂಬತ್ತೂವರೆ. ಪುಟ ತೆರೆಯಲು ಹೋದರೆ ತೆರೆಯಲಿಲ್ಲ. ಇನ್ನೊಂದು ಜಾಲತಾಣಕ್ಕೆ ಹೋದರೂ ಅದೇ ಪಾಡು.

ಮೊಡೆಮನ್ನು ಒಮ್ಮೆ ಆರಿಸಿ ಹಾಕಿದೆವು. ಎಲ್ಲರೂ ಮೊದಲು ಮಾಡುವುದು ಅದನ್ನೇ, ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುವುದೂ ಉಂಟು. ಅವತ್ತು ಆಗಲಿಲ್ಲ. ಒಬ್ಬ ವೈರಸ್ ಇರಬಹುದು ಎಂದ, ಇನ್ನೊಬ್ಬ ವಿಂಡೋಸ್ ಎಕ್ಸ್‌ಪಿಯನ್ನೇ ಹೊಸದಾಗಿ ಹಾಕೋಣ ಎಂದ. ನಮ್ಮ ಗಲಾಟೆ ಕೇಳಿ, ಕೆಳಗೆ ಜಗಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದ ಅಪ್ಪಯ್ಯ ಕೂಗಿ ಕೇಳಿದರು.

"ಎಂತ ಆತ್ರೋ?"

"ನೆಟ್ ಬತ್ತಾ ಇಲ್ಲೆ ಅಪ್ಪಯ್ಯ."

"ಎಲ್ಲಿವರೆಗೆ ಬೈಂದು ನೋಡಿದ್ರ?"

ಅಪ್ಪಯ್ಯನಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ. ಅವರು ಕೇಳಿದ್ದು ನೀರಿನ ಲೆಕ್ಕದಲ್ಲಿ. ಈ ಮನೆಗೆ ನೀರು ಬರುವುದು ಗುಡ್ಡದ ಮೇಲಿನ ಅಬ್ಬಿಯಿಂದ. ಪಂಪಿಲ್ಲ, ಮೋಟಾರಿಲ್ಲ. ಕಾಡಿನೊಳಗೆ ಹಾಸಿದ ಕಪ್ಪು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ನಲ್ಲಿಯಲ್ಲಿ ನೀರು ನಿಂತ ದಿನ ಅಪ್ಪಯ್ಯ ನಲ್ಲಿ ತಿರುವುತ್ತ ಕೂರುವುದಿಲ್ಲ, ಸೀದಾ ಅಬ್ಬಿಗೂ ಓಡುವುದಿಲ್ಲ. ಅರ್ಧ ದಾರಿಗೆ ಹೋಗಿ ಅಲ್ಲಿಯ ಜೋಡಣೆ ಬಿಚ್ಚುತ್ತಾರೆ. ಅಲ್ಲಿಗೆ ನೀರು ಬಂದಿದ್ದರೆ ಮೇಲಿನ ಅರ್ಧ ಸರಿಯಿದೆ, ಹುಡುಕಬೇಕಾದ್ದು ಕೆಳಗಿನ ಅರ್ಧದಲ್ಲಿ. ಬರದಿದ್ದರೆ ಮೇಲಿನ ಅರ್ಧದಲ್ಲಿ. ಆಮೇಲೆ ಆ ಅರ್ಧದ ನಡುವೆ ಮತ್ತೊಮ್ಮೆ. 16 ತುಂಡು ಪೈಪಿದ್ದರೆ ನಾಲ್ಕು ಕಡೆ ಬಿಚ್ಚುವಷ್ಟರಲ್ಲಿ ಯಾವ ತುಂಡು ಎಂದು ಸಿಕ್ಕಿಬಿಡುತ್ತದೆ. ಹಂದಿ ಕಿತ್ತಿತೋ, ಎಲೆ ಕಟ್ಟಿತೋ ಎಂಬ ಚರ್ಚೆ ಆಮೇಲಿನದು.

ನೆಟ್ಟಿನ ದಾರಿಯೂ ಉದ್ದದ ಪೈಪೇ. ಕಂಪ್ಯೂಟರ್, ಅದರಿಂದ ಹೊರಟ ನೆಟ್‌ವರ್ಕ್ ತಂತಿ, ಮೊಡೆಮ್, ಫೋನಿಗೂ ನೆಟ್ಟಿಗೂ ದಾರಿ ಬೇರೆ ಮಾಡುವ ಸ್ಪ್ಲಿಟರ್, ಗೋಡೆಯ ಡಬ್ಬಿ, ಹೊರಗಿನ ತಂತಿ, ಕಂಬ, ನೆಲದೊಳಗಿನ ಕೇಬಲ್, ಎಕ್ಸ್‌ಚೇಂಜ್, ಅದರಾಚೆ ಜಗತ್ತು. ಇದರಲ್ಲಿ ಅರ್ಧ ದಾರಿಯ ಜೋಡಣೆ ಎಂದರೆ ಮೊಡೆಮ್. ಅದರ ದೀಪಗಳನ್ನು ಓದಲು ಬಂದರೆ ಪೈಪು ಬಿಚ್ಚಿ ನೋಡಿದ ಹಾಗೆಯೇ.

ಲ್ಯಾನ್ ಎಂದು ಬರೆದ ದೀಪ ಉರಿಯುತ್ತಿದ್ದರೆ ಕಂಪ್ಯೂಟರಿಗೂ ಮೊಡೆಮಿಗೂ ನಡುವಿನ ತಂತಿ ಕೂತಿದೆ ಎಂದರ್ಥ. ಡಿಎಸ್‌ಎಲ್ ದೀಪ, ಕೆಲವು ಮೊಡೆಮ್‌ಗಳಲ್ಲಿ ಅದನ್ನು ಲಿಂಕ್ ಎಂದು ಬರೆದಿರುತ್ತಾರೆ, ಮಿಣುಕದೆ ಉರಿಯುತ್ತಿದ್ದರೆ ಮೊಡೆಮ್ಮು ಎಕ್ಸ್‌ಚೇಂಜಿನ ಯಂತ್ರದ ಜತೆ ಮಾತಾಡಿಕೊಂಡಿದೆ. ಅದು ಮಿಣಮಿಣ ಎನ್ನುತ್ತಲೇ ಇದ್ದರೆ ಕೂಗುತ್ತಿದೆ, ಆಚೆಯಿಂದ ಓಗೊಡುವವರಿಲ್ಲ.

ಡಿಎಸ್‌ಎಲ್ ದೀಪ ಗಟ್ಟಿಯಾಗಿ ಉರಿಯುತ್ತಿದ್ದೂ ಪುಟ ತೆರೆಯದಿದ್ದರೆ ಮೊದಲು ಹುಡುಕಬೇಕಾದ್ದು ಮನೆಯೊಳಗೆ. ಸ್ಟಾರ್ಟ್ ಮೆನುವಿನ ರನ್‌ನಲ್ಲಿ 'ಸಿಎಂಡಿ' ಎಂದು ಕೊಟ್ಟು, ಬರುವ ಕಪ್ಪು ಕಿಟಕಿಯಲ್ಲಿ 'ಐಪಿಕಾನ್ಫಿಗ್' ಎಂದು ಹೊಡೆದರೆ ಕಂಪ್ಯೂಟರಿನ ವಿಳಾಸ ಕಾಣುತ್ತದೆ. ಅದು 169.254 ಎಂದು ಶುರುವಾದರೆ ಕಂಪ್ಯೂಟರಿಗೆ ಯಾರೂ ವಿಳಾಸ ಕೊಟ್ಟಿಲ್ಲ, ತನಗೆ ತಾನೇ ಒಂದು ಕೊಟ್ಟುಕೊಂಡಿದೆ. ತಂತಿಯನ್ನೋ ಮೊಡೆಮನ್ನೋ ನೋಡಬೇಕು. 192.168 ಎಂದು ಶುರುವಾದರೆ ಮೊಡೆಮಿನವರೆಗೆ ನೀರು ಬಂದಿದೆ. ಆಮೇಲೆ 'ಪಿಂಗ್ 8.8.8.8' ಎಂದು ಹೊಡೆಯುವುದು. ಅದು ಗೂಗಲಿನ ಒಂದು ಯಂತ್ರದ ವಿಳಾಸ. ಅಲ್ಲಿಂದ ಉತ್ತರ ಬಂದೂ ಪುಟದ ಹೆಸರು ಕೊಟ್ಟರೆ ತೆರೆಯುವುದಿಲ್ಲವೆಂದಾದರೆ ದಾರಿ ಸರಿಯಿದೆ, ಹೆಸರನ್ನು ಸಂಖ್ಯೆಯಾಗಿ ಬದಲಿಸುವ ಡಿಎನ್‌ಎಸ್ ಕೈಕೊಟ್ಟಿದೆ. ಊರಿಗೆ ಬಂದಿದ್ದೇವೆ, ಮನೆ ತೋರಿಸುವವರಿಲ್ಲ ಅಂದ ಹಾಗೆ.

ಕಂಪ್ಯೂಟರಿನಿಂದಲೇ ಡಯಲ್ ಮಾಡುವವರಿಗೆ ಎರಡು ಅಂಕಿ ಗೊತ್ತಿದ್ದರೆ ಸಾಕು. 691 ಎಂದು ತೋರಿಸಿದರೆ ಆಚೆಯವರು ಸಿಕ್ಕಿದ್ದಾರೆ, ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಲ್ಲ. 678 ಎಂದು ತೋರಿಸಿದರೆ ಆಚೆಯವರು ಸಿಕ್ಕೇ ಇಲ್ಲ.

ಕರೆಂಟ್ ಪದೇಪದೇ ಹೋಗುವ ನಮ್ಮಂಥ ಊರುಗಳಲ್ಲಿ ಇನ್ನೊಂದನ್ನೂ ನೋಡಬೇಕು. ಪರದೆಯ ಮೂಲೆಯ ತಾರೀಖು. ಕಂಪ್ಯೂಟರಿನೊಳಗೆ ಬಿಲ್ಲೆಯಂಥ ಒಂದು ಬ್ಯಾಟರಿ ಇರುತ್ತದೆ, ಹೆಚ್ಚಿನವುಗಳಲ್ಲಿ ಸಿಆರ್ 2032 ಎಂಬ ಮೂರು ವೋಲ್ಟಿನದು. ಅದು ಸತ್ತರೆ ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಇ-ಮೇಲ್, ಬ್ಯಾಂಕಿನಂಥ ಭದ್ರ ತಾಣಗಳು ತಮ್ಮ ಪ್ರಮಾಣಪತ್ರದ ಅವಧಿಯನ್ನು ತಾರೀಖಿಗೆ ತಾಳೆ ನೋಡುವುದರಿಂದ ಎಚ್ಚರಿಕೆ ತೋರಿಸಿ ತಡೆಯುತ್ತವೆ.  ನೆಟ್ ಹಾಳಾಗಿದೆ ಎಂದು ಬೈಯುತ್ತ ಕುಳಿತವರಿಗೆ ಬೇಕಾದದ್ದು ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಒಂದು ಬಿಲ್ಲೆ.

ಅವತ್ತು ನಮಗೆ ಇದ್ಯಾವುದೂ ಬೇಕಾಗಲಿಲ್ಲ. ಡಿಎಸ್‌ಎಲ್ ದೀಪ ಮಿಣುಕುತ್ತಲೇ ಇತ್ತು. ಸ್ಪ್ಲಿಟರನ್ನು ತೆಗೆದು ಫೋನನ್ನು ಸೀದಾ ಗೋಡೆಯ ಡಬ್ಬಿಗೆ ಸಿಕ್ಕಿಸಿ ರಿಸೀವರ್ ಎತ್ತಿದೆವು. ಡಯಲ್ ಟೋನ್ ಇಲ್ಲ, ಗೊರಗೊರವೂ ಇಲ್ಲ, ಬಾವಿಗೆ ಕಿವಿ ಕೊಟ್ಟಂಥ ಮೌನ. ಗೋಡೆಯವರೆಗೆ ನೀರೇ ಬಂದಿರಲಿಲ್ಲ. ಒಳಗೆ ಏನು ಮಾಡಿದರೂ ಉಪಯೋಗವಿಲ್ಲ ಎಂದು ತಿಳಿಯುವುದಕ್ಕೆ ಹಿಡಿದದ್ದು ಹತ್ತು ನಿಮಿಷ.

ಆ ಹತ್ತು ನಿಮಿಷದ ಬೆಲೆ ಹುಡುಗಿಗೆ ಗೊತ್ತು. ವಿಂಡೋಸ್ ಹೊಸದಾಗಿ ಹಾಕುತ್ತ ಕುಳಿತಿದ್ದರೆ ಮಧ್ಯಾಹ್ನ ಆಗುತ್ತಿತ್ತು. ಅವಳನ್ನು ಅಣ್ಣನ ಬೈಕಿನಲ್ಲಿ ಕೂರಿಸಿ, ನಮ್ಮಲ್ಲೊಬ್ಬ ಇನ್ನೊಂದು ಬೈಕಿನಲ್ಲಿ ಜತೆಗೆ ಹೊರಟ. ಪೇಟೆಯ ಸೈಬರ್ ಸೆಂಟರಿನಲ್ಲಿ ಅವಳಂತೆಯೇ ಕಡೆಯ ದಿನ ಬಂದವರ ಸಾಲಿತ್ತಂತೆ. ಅರ್ಜಿ ಸಂಖ್ಯೆಯ ಪ್ರಿಂಟು ಕೈಗೆ ಬಂದಾಗ ನಾಲ್ಕೂಮುಕ್ಕಾಲು. ಅವರು ವಾಪಸು ದಾಟಿ ಬಂದ ಸ್ವಲ್ಪ ಹೊತ್ತಿಗೆ ಹಳ್ಳ ರಸ್ತೆಯ ಮೇಲೆ ಬಂತು.

ಉಳಿದ ಇಬ್ಬರು ಕೊಡೆ ಹಿಡಿದು ತಂತಿಯ ಬೆನ್ನು ಹತ್ತಿದೆವು. ನಮ್ಮಲ್ಲಿ ಕಂಬಕ್ಕಿಂತ ಮರಗಳೇ ಫೋನಿನ ತಂತಿಯನ್ನು ಹೊತ್ತಿರುವುದು ಹೆಚ್ಚು. ಮನೆಮನೆಗೆ ಹೋಗಿ ರಿಸೀವರ್ ಎತ್ತಿ ನೋಡಿದೆವು. ಊರ ಬಾಯಿಯ ಮೂರು ಮನೆಗಳಲ್ಲಿ ಡಯಲ್ ಟೋನ್ ಇತ್ತು. ಅಲ್ಲಿಂದ ಒಳಗಿನ ಐದು ಮನೆಗಳಲ್ಲಿ ಇರಲಿಲ್ಲ. ಆ ಐದಕ್ಕೂ ಹೋಗುವುದು ಐದು ಜೋಡಿ ತಂತಿಯ ಒಂದೇ ಕೇಬಲ್. ಹಲಸಿನ ಮರದ ಹತ್ತಿರ ಅದಕ್ಕೊಂದು ಹಳೆಯ ಜೋಡಣೆ ಇದೆ, ಅದರ ಮೇಲೆ ಒಂದು ಕೊಂಬೆ ಬಿದ್ದಿತ್ತು.

ಐದರಲ್ಲಿ ಒಂದು ಮನೆಯಲ್ಲಿ ಅಜ್ಜಿ ಒಬ್ಬರೇ ಇರುವುದು. ಮಗ ಬೆಂಗಳೂರಿನಲ್ಲಿ. ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತಾನೆ, ಅಜ್ಜಿ ತಾವಾಗಿ ಮಾಡುವುದಿಲ್ಲ.

"ಅಜ್ಜಿ, ಫೋನ್ ಸರಿ ಇದ್ದಾ?"

"ಇದ್ದು. ಮಾಣಿಗೇ ಪುರಸೊತ್ತಿಲ್ಲೆ. ಮೂರು ದಿನ ಆತು, ಫೋನೇ ಮಾಡಿದ್ನಿಲ್ಲೆ."

ರಿಸೀವರ್ ಎತ್ತಿ ಕಿವಿಗಿಟ್ಟರೆ ಅದೇ ಮೌನ. ನೀರು ಸೇರಿದ ಜೋಡಣೆಯಲ್ಲಿ ತಾಮ್ರ ಹಸಿರುಗಟ್ಟಿ ಒಂದೊಂದೇ ತಂತಿ ಬಿಡುತ್ತದೆ, ಎಲ್ಲವೂ ಒಂದೇ ದಿನ ಸಾಯಬೇಕೆಂದಿಲ್ಲ. ಅಜ್ಜಿಯ ಜೋಡಿ ಮೊದಲು ಹೋಗಿತ್ತು. ನಾವು ಹೇಳಿದ ಮೇಲೂ ಅಜ್ಜಿ ಪೂರ್ತಿ ನಂಬಲಿಲ್ಲ. ಫೋನು ಮೇಜಿನ ಮೇಲೆ ಎಂದಿನಂತೆ, ಕ್ರೋಶಾದ ಬಟ್ಟೆ ಹೊದ್ದು ಕುಳಿತೇ ಇತ್ತಲ್ಲ.

ಮೊಬೈಲ್ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ. ಅಲ್ಲಿಗೆ ಹತ್ತಿ ಮಗನಿಗೆ ಕರೆ ಮಾಡಿದೆವು. ಒಂದೇ ರಿಂಗಿಗೆ ಎತ್ತಿದರು. ಮೂರು ದಿನದಿಂದ ಮಾಡುತ್ತಲೇ ಇದ್ದರಂತೆ. "ರಿಂಗ್ ಆಗ್ತಾ ಇದ್ದು, ಆಯಿ ಎತ್ತತಾ ಇಲ್ಲೆ" ಎಂದರು. ಹಿಂದಿನ ರಾತ್ರಿ ಪಕ್ಕದ ಮನೆಗೆ ಮಾಡಿದರೆ ಅಲ್ಲಿಯೂ ರಿಂಗ್ ಆಗಿದೆ, ಯಾರೂ ಎತ್ತಿಲ್ಲ. ಅವರು ಆ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿಯಾಗಿತ್ತು.

ಇದೊಂದು ಸಂಗತಿ ಎಲ್ಲರಿಗೂ ಗೊತ್ತಿರಬೇಕು. ಕರೆ ಮಾಡಿದವರ ಕಿವಿಗೆ ಕೇಳುವ ರಿಂಗು ಆ ಮನೆಯ ಗಂಟೆಯ ಸದ್ದಲ್ಲ, ಎಕ್ಸ್‌ಚೇಂಜ್ ಕೇಳಿಸುವ ಸದ್ದು. ರಿಸೀವರ್ ಕೆಳಗಿಟ್ಟಾಗ ತಂತಿಯ ಕೊನೆ ತೆರೆದುಕೊಂಡಿರುತ್ತದೆ. ತಂತಿ ತುಂಡಾದಾಗಲೂ ಹಾಗೆಯೇ. ಎರಡಕ್ಕೂ ಎಕ್ಸ್‌ಚೇಂಜಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಹೀಗಾಗಿ ಮಗನಿಗೆ ತಾಯಿ ಎತ್ತುತ್ತಿಲ್ಲ, ತಾಯಿಗೆ ಮಗ ಮಾಡುತ್ತಿಲ್ಲ. ನಡುವೆ ಹಲಸಿನ ಮರದ ಬುಡದಲ್ಲಿ ತಂತಿ ತುಂಡಾಗಿದೆ.

ನೆತ್ತಿಯಿಂದಲೇ ದೂರು ಕೊಟ್ಟೆವು. ನೆಟ್ ಇಲ್ಲ ಎನ್ನಲಿಲ್ಲ. "ಊರ ಬಾಯಿಯ ಮೂರು ಮನೆಗಳ ಫೋನ್ ಸರಿಯಿದೆ, ಒಳಗಿನ ಐದು ಮನೆಗಳದು ಸತ್ತಿದೆ, ಐದು ಜೋಡಿಯ ಕೇಬಲ್, ಹಲಸಿನ ಮರದ ಹತ್ತಿರದ ಜೋಡಣೆ" ಎಂದು ಹೇಳಿ, ಐದೂ ಫೋನ್ ಸಂಖ್ಯೆಗಳನ್ನು ಬರೆಸಿದೆವು.

ಮಾರನೆ ದಿನ ಹನ್ನೊಂದಕ್ಕೆ ಲೈನ್‌ಮ್ಯಾನ್ ಬಂದರು. ಹತ್ತಾರು ಹಳ್ಳಿಗೆ ಅವರೊಬ್ಬರೇ. ಬೈಕಿನ ಹಿಂದೆ ಬೇಕಾದ ಕೇಬಲ್ಲಿನ ಸುರುಳಿಯೇ ಇತ್ತು. ಸೀದಾ ಹಲಸಿನ ಮರಕ್ಕೆ ಹೋದರು. ಹಸಿರುಗಟ್ಟಿದ ಭಾಗ ಕತ್ತರಿಸಿ, ಹೊಸ ತುಂಡು ಸೇರಿಸಿ, ನೀರು ಇಳಿಯದ ಹಾಗೆ ಬಿಗಿದು ಸುತ್ತಿದರು. ಮುಕ್ಕಾಲು ಗಂಟೆಯ ಕೆಲಸ. ಚಾ ಕುಡಿಯುವಾಗ ಹೇಳಿದರು: "ಎಲ್ಲರೂ ಫೋನ್ ಇಲ್ಲ ಅಂತಷ್ಟೇ ಹೇಳ್ತಾರೆ. ಎಲ್ಲಿ ಅಂತ ಹುಡುಕೋದರಲ್ಲೇ ದಿನ ಹೋಗ್ತದೆ. ಕೇಬಲ್ ತರಬೇಕೋ, ಡಬ್ಬಿ ತರಬೇಕೋ ಗೊತ್ತಾಗೋದಿಲ್ಲ, ಮತ್ತೆ ಎರಡನೇ ಸಲ ಬರಬೇಕು."

ಮೆತ್ತಿನ ಮೇಲೆ ಡಿಎಸ್‌ಎಲ್ ದೀಪ ಮಿಣುಕುವುದನ್ನು ನಿಲ್ಲಿಸಿತ್ತು. ಟಿಕೆಟ್ ರದ್ದು ಮಾಡದೆ ಬಂದುಬಿಟ್ಟಿದ್ದ ಅಜ್ಜಿಯ ಮಗ ಜಗಲಿಯಲ್ಲಿ ದೋಸೆ ತಿನ್ನುತ್ತಿದ್ದರು. ಈಗ ಕೆಳಗಿನ ಮನೆಯ ಹುಡುಗಿ ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಅಜ್ಜಿಯ ಮನೆಯ ರಿಸೀವರ್ ಎತ್ತಿ, ಟೋನ್ ಇದೆಯೇ ಎಂದು ಕೇಳಿ ಇಟ್ಟು ಹೋಗುತ್ತಾಳೆ. ನಿಮ್ಮೂರಿನಲ್ಲೂ ಒಂಟಿಯಾಗಿರುವ ಹಿರಿಯರಿದ್ದರೆ ಇಷ್ಟು ಮಾಡಬಹುದು. ನೆಟ್ ಹೋದಾಗ ದೂರು ಕೊಡುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಡಿಎಸ್‌ಎಲ್ ದೀಪ ಹೇಗಿದೆ, ಫೋನಿನಲ್ಲಿ ಟೋನ್ ಇದೆಯೇ, ಎಷ್ಟು ಹೊತ್ತಿನಿಂದ, ಅಕ್ಕಪಕ್ಕದಲ್ಲಿ ಯಾರಿಗೆ ಇದೆ ಯಾರಿಗೆ ಇಲ್ಲ.

ವರದಿ ಬರೆಯುವಾಗ ಯಾರು, ಏನು, ಯಾವಾಗ, ಎಲ್ಲಿ, ಯಾಕೆ, ಹೇಗೆ ಎಂದು ಕೇಳಬೇಕೆಂದು ತರಗತಿಯಲ್ಲಿ ಕಲಿಸಿದ್ದರು. ಅದರಲ್ಲಿ 'ಎಲ್ಲಿ' ಎಂಬುದಕ್ಕೆ ನಾವೆಲ್ಲ ಊರಿನ ಹೆಸರು ಬರೆದು ಮುಂದೆ ಹೋಗುತ್ತೇವೆ. ಕಳೆದ ವಾರ ಒಂದು ಕೇರಿಯ ಹೆಂಗಸರು ನಲ್ಲಿಯಲ್ಲಿ ನೀರಿಲ್ಲ, ಬಂದು ಬರೆಯಿರಿ ಎಂದು ಕರೆದರು. ಖಾಲಿ ಕೊಡಗಳ ಫೋಟೊ ತೆಗೆದ ಮೇಲೆ ಅವರ ಜತೆಯೇ ಪೈಪಿನ ಗುಂಟ ನಡೆದೆವು. ಟ್ಯಾಂಕ್ ತುಂಬಿತ್ತು. ಶಾಲೆಯ ಹಿಂದಿನ ಗುಂಡಿಯಲ್ಲಿದ್ದ ವಾಲ್ವಿನವರೆಗೆ ನೀರು ಬಂದಿತ್ತು, ಅಲ್ಲಿಂದ ಮುಂದೆ ಇರಲಿಲ್ಲ. ವರದಿಯ ಮೊದಲ ಸಾಲಿನಲ್ಲಿ ಅದನ್ನೇ ಬರೆದು ಕಳಿಸಿದ್ದೇವೆ.