ಶಿರಾಡಿಯ ಇಳಿಜಾರಿನಲ್ಲಿ

ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿದ ಮೇಲೆ ಮಂಗಳೂರಿನ ಹೆದ್ದಾರಿಗೆ ಬೇರೊಂದು ಸ್ವಭಾವ ಬರುತ್ತದೆ. ಅದುವರೆಗೆ ಬಯಲಿನಲ್ಲಿ ನಿರಾತಂಕವಾಗಿ ಓಡಿ ಬಂದ ದಾರಿಯು ಕಾಫಿ ತೋಟಗಳ ನಡುವೆ ಬಳುಕಿ, ದೋಣಿಗಾಲನ್ನು ಕಳೆದು, ಮಾರನಹಳ್ಳಿಯ ಆಚೆಗೆ ದಟ್ಟವಾದ ಕಾಡಿನೊಳಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಬೆಟ್ಟದ ಗೋಡೆ, ಇನ್ನೊಂದು ಮಗ್ಗುಲಿಗೆ ಕೆಂಪುಹೊಳೆಯ ಕೊರಕಲು. ಇದೇ ಶಿರಾಡಿ ಘಾಟಿ.

ಮಳೆಗಾಲದ ಒಂದು ಮಧ್ಯಾಹ್ನ ಬೆಂಗಳೂರಿನ ಸಂಸಾರವೊಂದು ಈ ಘಾಟಿಯನ್ನಿಳಿದು ಗುಂಡ್ಯದಲ್ಲಿ ಕಾಫಿಗೆಂದು ನಿಂತಿತು. ಕಾರು ಕೊಂಡು ಎರಡು ವರ್ಷ ತುಂಬಿರಲಿಲ್ಲ. ಸಾಲದ ಕಂತುಗಳೂ ತೀರಿರಲಿಲ್ಲ. ಮತ್ತೆ ಹೊರಡುವಾಗ ಕಾರಿನ ಹಿಂದೆ ನೀಲಿ ಹೊಗೆಯೊಂದು ಭುಗಿಲೆಂದು ಎದ್ದಿತು. ಅಂಗಡಿಯ ಮುಂದೆ ಕುಳಿತಿದ್ದ ಲಾರಿ ಚಾಲಕನೊಬ್ಬನು ಕೈಯೆತ್ತಿ ತಡೆದನು.

“ಸ್ವಾಮಿ, ನಿಮ್ಮ ಗಾಡಿ ಎಣ್ಣೆ ಕುಡಿಯುತ್ತಿದೆ.”

ಯಜಮಾನರು ನಂಬಲಿಲ್ಲ. ಹೊಸ ಗಾಡಿ, ಸರ್ವೀಸಾಗಿ ಆರು ತಿಂಗಳೂ ಆಗಿರಲಿಲ್ಲ, ಕೆಂಪು ದೀಪವೂ ಹತ್ತಿರಲಿಲ್ಲ. ಆದರೆ ಎಂಜಿನ್ನು ಆರಿದ ಮೇಲೆ ಅಳತೆಯ ಕಡ್ಡಿಯನ್ನು ಹೊರಗೆಳೆದಾಗ ಅದರ ತುದಿಯಷ್ಟೇ ಒದ್ದೆಯಾಗಿತ್ತು. ಎಣ್ಣೆಯ ಒತ್ತಡವು ಕುಸಿದಾಗ ಮಾತ್ರ ಆ ದೀಪವು ಹತ್ತುವುದು. ಅಷ್ಟರಲ್ಲಿ ಬೇರಿಂಗುಗಳಿಗೆ ಕೇಡು ಆಗಿಯೇ ಇರಬಹುದು. ಹಿಂದಿನ ಆಸನದಲ್ಲಿದ್ದ ವೃದ್ಧ ತಾಯಿ, “ದೀಪ ಆರುವ ಮೊದಲೇ ಹಣತೆಯನ್ನು ನೋಡಬೇಡವೇ?” ಎಂದರು.

ಹೊಸ ಎಂಜಿನ್ನು ಎಣ್ಣೆಯನ್ನೇಕೆ ಸುಡಬೇಕು? ಪೆಟ್ರೋಲಿನ ಉಳಿತಾಯಕ್ಕಾಗಿ ಇಂದಿನ ಎಂಜಿನ್ನುಗಳಲ್ಲಿ ತೆಳುವಾದ ಎಣ್ಣೆಯನ್ನು ಬಳಸುತ್ತಾರೆ. ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಯನ್ನು ಒತ್ತುವ ಬಿಗಿಯನ್ನೂ ತಗ್ಗಿಸಿದ್ದಾರೆ. ಉಂಗುರಗಳ ಸಂದಿಯಲ್ಲಿ ಮಸಿ ಕಟ್ಟಿದರೆ ಗೋಡೆಯ ಎಣ್ಣೆಯನ್ನು ಕೆರೆದು ಕೆಳಗಿಳಿಸುವ ಕೆಲಸ ಕೆಡುತ್ತದೆ. ಘಾಟಿಯ ಇಳಿಜಾರು ಈ ದೋಷವನ್ನು ಬಯಲಿಗೆಳೆಯುತ್ತದೆ. ಕೆಳಗಿನ ಗೇರಿನಲ್ಲಿ, ಕಾಲನ್ನು ಪೂರ್ತಿ ತೆಗೆದು ಇಳಿಯುವಾಗ ಪೆಟ್ರೋಲ್ ಎಂಜಿನ್ನಿನ ಗಾಳಿಯ ದಾರಿ ಮುಚ್ಚಿಕೊಂಡು ಒಳಗೆ ನಿರ್ವಾತವು ಹೆಚ್ಚುತ್ತದೆ; ಅದು ಉಂಗುರಗಳ ಪಕ್ಕದಿಂದಲೂ ಕವಾಟಗಳ ಸಂದಿಯಿಂದಲೂ ಎಣ್ಣೆಯನ್ನು ಹೀರುತ್ತದೆ. ಮುಂದೆ ಕಾಲೊತ್ತಿದೊಡನೆ ಅದೇ ನೀಲಿ ಹೊಗೆಯಾಗುತ್ತದೆ. ಹಾಗೆಂದು ಗೇರನ್ನು ಬಿಟ್ಟು ಇಳಿಯುವಂತಿಲ್ಲ. ಬ್ರೇಕು ಕಾಯ್ದು ಸೋತರೆ ಪ್ರಾಣಕ್ಕೇ ಅಪಾಯ.

ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯು ಪುಣ್ಯಕ್ಕೆ ಅಲ್ಲಿಯೇ ಒಂದು ಅಂಗಡಿಯಲ್ಲಿ ದೊರೆಯಿತು. ಸ್ವಲ್ಪ ಸ್ವಲ್ಪವಾಗಿ ಸುರಿದು, ಮೇಲಿನ ಗೆರೆಯನ್ನು ಮೀರದಂತೆ ನೋಡಿಕೊಂಡರು. ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವೆ ಸಾಮಾನ್ಯವಾಗಿ ಸುಮಾರು ಒಂದು ಲೀಟರಿನ ಅಂತರವಿರುತ್ತದೆ. ಗುಂಡ್ಯದ ನೀರು ಕುಮಾರಧಾರೆಯನ್ನು ಸೇರಿ, ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಆ ದಾರಿಯಲ್ಲೇ ಸಂಸಾರವು ಸುಖವಾಗಿ ಮಂಗಳೂರನ್ನು ಮುಟ್ಟಿತು.

ಊರಿಗೆ ಮರಳಿದ ಮೇಲೆ ಸರ್ವೀಸಿನವರು, “ಎಲ್ಲ ಎಂಜಿನ್ನುಗಳೂ ಸ್ವಲ್ಪ ಎಣ್ಣೆ ಸುಡುತ್ತವೆ” ಎಂದರು. ಮಾತು ಸುಳ್ಳಲ್ಲ, ಸಾವಿರ ಕಿಲೋಮೀಟರಿಗೆ 1 ಲೀಟರಿನವರೆಗೂ ಸಹಜವೆನ್ನುವ ತಯಾರಕರುಂಟು. ಆದರೆ ಈ ಕಾರಿನ ಕೈಪಿಡಿಯಲ್ಲಿದ್ದ ಮಿತಿ ಅರ್ಧ ಲೀಟರು. ಯಜಮಾನರು ವಾದಕ್ಕಿಳಿಯದೆ ಎಣ್ಣೆಯನ್ನು ಮೇಲಿನ ಗೆರೆಗೆ ತುಂಬಿಸಿ, ಒಂದು ನೋಟುಪುಸ್ತಕವನ್ನಿಟ್ಟರು. ವಾರಕ್ಕೊಮ್ಮೆ, ಸಮತಟ್ಟಾದ ನೆಲದಲ್ಲಿ, ಎಂಜಿನ್ನನ್ನು ನಿಲ್ಲಿಸಿ ಕೆಲವು ನಿಮಿಷ ಕಾದು, ಮಗಳು ಕಡ್ಡಿಯ ಗುರುತನ್ನೂ ಓಡಿದ ದೂರವನ್ನೂ ಬರೆಯುತ್ತಿದ್ದಳು. ಸಾವಿರ ಕಿಲೋಮೀಟರಿಗೆ ಮುಕ್ಕಾಲು ಲೀಟರು ಇಳಿದಿತ್ತು. ಲೆಕ್ಕವನ್ನು ಮುಂದಿಟ್ಟಾಗ ಸರ್ವೀಸಿನವರೂ ಅಳೆದು ನೋಡಿ ಒಪ್ಪಿದರು. ಗ್ಯಾರಂಟಿಯ ಅವಧಿ ಮುಗಿಯುವ ಮೊದಲೇ ಉಂಗುರಗಳು ಬದಲಾದವು.

ಮರುವರ್ಷ ಅದೇ ಸಂಸಾರವು ಮತ್ತೆ ಘಾಟಿಯನ್ನಿಳಿಯಿತು. ಸಕಲೇಶಪುರದಲ್ಲಿ ಎಲ್ಲರೂ ಹೊಳೆಯನ್ನು ನೋಡಲು ಇಳಿದಾಗ ಯಜಮಾನರು ಮಾತ್ರ ಬಾನೆಟ್ಟನ್ನು ಎತ್ತಿ, ಕಡ್ಡಿಯನ್ನು ಒರೆಸಿ ನೋಡಿದರು. ಎಣ್ಣೆ ಗೆರೆಯ ಬಳಿಯೇ ಇತ್ತು. ಬಳಿಕ ಅವರೂ ಹೊಳೆಯ ಕಡೆಗೆ ನಡೆದರು.