ಬ್ಯಾಟರಿ ಚೆನ್ನಾಗಿಯೇ ಇತ್ತು

ಡಾಲ್ಫಿನ್ ಅಂತ ಒಂದು ಕಾರಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. 1982ರಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಹೊರತಂದ ಪುಟ್ಟ ಕಾರು. ಇಂಗ್ಲೆಂಡಿನ ಟ್ಯಾಮ್‌ವರ್ತ್‌ನಲ್ಲಿ ತಯಾರಾಗುತ್ತಿದ್ದ ರಿಲಯಂಟ್ ಕಿಟನ್ ಎಂಬ ಕಾರೇ ಇಲ್ಲಿ ಹೆಸರು ಬದಲಿಸಿಕೊಂಡು ಬಂದಿತ್ತು. ಎರಡೇ ಬಾಗಿಲು, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಕಬ್ಬಿಣದ ಚಾಸಿಸ್ ಮೇಲೆ ಕೂರಿಸಿದ ಫೈಬರ್ ಬಾಡಿ. ಕಂಪನಿ ಅದನ್ನು ಮಾರಿದ್ದು ಸಂಸಾರಸ್ಥರ ಕಾರು ಅಂತ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಸಂಸಾರಸ್ಥರು ಇದರ ಕಡೆ ತಿರುಗಿಯೂ ನೋಡಲಿಲ್ಲ. ರೇಸಿನವರು ಮಾತ್ರ ಬಿಡಲಿಲ್ಲ. ತೂಕ ಕಮ್ಮಿ, ತಳ್ಳುವುದು ಹಿಂದಿನ ಚಕ್ರ, ಇನ್ನೇನು ಬೇಕು? ಮದರಾಸಿನ ಹತ್ತಿರದ ಶೋಲಾವರಂ ಏರ್‌ಸ್ಟ್ರಿಪ್ಪಿನಲ್ಲೂ ರ‍್ಯಾಲಿಗಳಲ್ಲೂ ಡಾಲ್ಫಿನ್ ಧೂಳೆಬ್ಬಿಸಿತು. ಫೆರಾರಿಯನ್ನು ಪೋಸ್ಟರಿನಲ್ಲಷ್ಟೇ ಕಂಡ ನಮಗೆ ಅದೇ ಸ್ಪೋರ್ಟ್ಸ್ ಕಾರು.

ಬೆಂಗಳೂರಿನ ಹಳೇ ರ‍್ಯಾಲಿ ಓಟಗಾರರೊಬ್ಬರ ಶೆಡ್ಡಿನಲ್ಲಿ ಮಲಗಿದ್ದ ಅಂಥದ್ದೊಂದನ್ನು ಡೆಂಕಣಿಕೋಟೆಗೆ ತಂದು ನಿಲ್ಲಿಸಿದಾಗ ಊರಿಗೇ ನಾನೊಬ್ಬ ಹುಚ್ಚ. ಬೇಟೆರಾಯಸ್ವಾಮಿ ತೇರಿನ ದಿನವೂ ಅಷ್ಟು ಹುಡುಗರು ನಮ್ಮ ಮನೆ ಮುಂದೆ ಸೇರಿದ್ದನ್ನು ನಾನು ಕಂಡಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ಅಣ್ಣಾ, ಎಷ್ಟು ಸ್ಪೀಡ್ ಹೋಗ್ತೈತೆ?" ಉತ್ತರ ಹೇಳಬೇಕಾದ ಮುಳ್ಳು ಅರವತ್ತರ ಹತ್ತಿರ ಚಳಿ ಹತ್ತಿದವರ ಹಾಗೆ ನಡುಗುತ್ತಿತ್ತು. ನನಗೆ ಅದೊಂದು ಅವಮಾನ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಕೆಲಸ ಹೊಸೂರಿನ ಸಿಪ್ಕಾಟ್‌ನಲ್ಲಿ, ಬೈಕಿನ ಡಿಜಿಟಲ್ ಮೀಟರುಗಳನ್ನು ಪರೀಕ್ಷೆ ಮಾಡುವ ಲೈನಿನಲ್ಲಿ. ದಿನವಿಡೀ ಸಾಲು ಸಾಲು ಪರದೆಗಳನ್ನು ಹೊತ್ತಿಸಿ ನೋಡುವವನ ಸ್ವಂತ ಕಾರಿನಲ್ಲಿ ನಡುಗುವ ಮುಳ್ಳು! ಎಸ್.ಪಿ. ರಸ್ತೆಯಿಂದ ಏಳಿಂಚಿನ ಪರದೆ ತಂದೆ.

ನಮ್ಮೂರಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಎಲ್ಲರೂ ಅವರನ್ನು ಕರೆಯುವುದು ಭಾಯ್ ಅಂತಲೇ. ಟ್ರಾಕ್ಟರಿನಿಂದ ಹಿಡಿದು ಮಿನಿ ಬಸ್ಸಿನವರೆಗೆ ಎಲ್ಲದಕ್ಕೂ ಅವರದೇ ಕೈ. ನಾನು ಮೀಟರ್ ಬೋರ್ಡ್ ಬಿಚ್ಚುತ್ತಿದ್ದ ದಿನ ಯಾವುದೋ ಕೆಲಸಕ್ಕೆ ಆ ಕಡೆ ಬಂದವರು ನಿಂತು ನೋಡಿದರು. "ಬಿಚ್ಚೋದು ಬಿಚ್ಚು ತಮ್ಮಾ, ಕಪ್ಲರ್ ಕಟ್ ಮಾಡ್ಬೇಡ. ಆ ಲಾಲ್ ಬಲ್ಬ್ ಐತಲ್ಲ, ಬ್ಯಾಟರಿದು, ಅದನ್ನ ಹಂಗೇ ಮಡಗು" ಅಂದರು. ನಾನು ನಕ್ಕು, "ಭಾಯ್, ಇದು ಎಲ್‌ಇಡಿ ಕಾಲ" ಅಂದೆ. ಅವರೂ ನಕ್ಕು ಹೊರಟುಹೋದರು. ಕಪ್ಲರ್ ಕತ್ತರಿಸಿದೆ. ಮೀಟರ್ ಬೋರ್ಡನ್ನು ಬಲ್ಬಿನ ಸಮೇತ ಶಿವಾಜಿನಗರದ ಗುಜರಿಗೆ, ಹಳೇ ಹಾರ್ನು, ಹಳೇ ವೈಪರ್ ತೋಳುಗಳ ಜೊತೆ ತೂಕಕ್ಕೆ ಹಾಕಿದೆ.

ಏನನ್ನು ತೂಕಕ್ಕೆ ಹಾಕಿದೆ ಎಂದು ತಿಳಿದದ್ದು ಆಮೇಲೆ. ಆ ಸ್ಪೀಡೋಮೀಟರಿಗೆ ಗೇರ್‌ಬಾಕ್ಸಿನಿಂದ ಒಂದು ಕೇಬಲ್ ಬರುತ್ತಿತ್ತು. ಅದು ತಿರುಗಿಸುವುದು ಒಂದು ಅಯಸ್ಕಾಂತವನ್ನು. ಅಯಸ್ಕಾಂತದ ಮೇಲೆ, ಎಲ್ಲೂ ಮುಟ್ಟದ ಹಾಗೆ, ಅಲ್ಯೂಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದಂತೆ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಅದೂ ಜೊತೆಯಲ್ಲಿ ತಿರುಗಲು ನೋಡುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ಹಿಂದಕ್ಕೆ ಜಗ್ಗುತ್ತದೆ. ಜಗ್ಗಾಟ ಎಲ್ಲಿ ನಿಂತಿತೋ ಅಲ್ಲಿ ಮುಳ್ಳು. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು, ಬ್ಯಾಟರಿಯ ಹಂಗೇ ಇಲ್ಲ. ಮುಳ್ಳು ನಡುಗುತ್ತಿದ್ದದ್ದು ಕೇಬಲ್ಲಿಗೆ ಗ್ರೀಸ್ ಇಲ್ಲದೆ. ಕೇಬಲ್ ಎಳೆದು, ಒರೆಸಿ, ಗ್ರೀಸ್ ಸವರಿ ತಿರುಗಿ ತೂರಿಸಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಪೆಟ್ರೋಲ್ ಮುಳ್ಳಿನದು ಬೇರೆ ಸ್ವಭಾವ. ಅದರ ಹಿಂದೆ ಇದ್ದದ್ದು ಕಾದರೆ ಬಾಗುವ ಜೋಡಿ ಲೋಹದ ಪಟ್ಟಿ. ಸ್ವಿಚ್ ಹಾಕಿದ ಮೇಲೆ ಮುಳ್ಳು ಮೈಮುರಿದು ಏಳಲು ಅರ್ಧ ನಿಮಿಷ ಬೇಕು. ಆ ಸೋಮಾರಿತನವೇ ಅದರ ಗುಣ. ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲ್ ಎಷ್ಟೇ ತುಳುಕಲಿ, ಮುಳ್ಳು ಒಟ್ಟು ಲೆಕ್ಕ ಹಿಡಿದು ಕೂತಿರುತ್ತದೆ. ನನ್ನ ಹೊಸ ಪರದೆಗೆ ಆ ತಾಳ್ಮೆ ಇರಲಿಲ್ಲ; ಏರಿನಲ್ಲಿ ಐದು ಕಡ್ಡಿ, ಇಳಿಜಾರಿನಲ್ಲಿ ಎರಡು ಕಡ್ಡಿ. ಟ್ಯಾಂಕ್ ಖಾಲಿ ಮಾಡಿ, ಲೀಟರ್ ಲೀಟರಾಗಿ ಪೆಟ್ರೋಲ್ ಹಾಕುತ್ತಾ, ಫ್ಲೋಟಿನ ಓಮ್ಸ್ ಬರೆದುಕೊಂಡು ಪರದೆಗೆ ಉಣಿಸಬೇಕಿತ್ತು. ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ನಾನೇ ಹೇಳಿಕೊಡುವ ಪಾಠ ಅದು. ಮನೆಯಲ್ಲಿ ಮಾತ್ರ ಮೆನುವಿನಲ್ಲಿದ್ದವುಗಳಲ್ಲಿ ಹತ್ತಿರದ್ದು ಯಾವುದೋ ಒಂದನ್ನು ಒತ್ತಿ ಎದ್ದುಬಿಟ್ಟೆ.

ಆರ್‌ಪಿಎಂಗೆ ಕಾಯಿಲಿನ ಮೈನಸ್ಸಿನಿಂದ ನೇರವಾಗಿ ವೈರ್ ಎಳೆದಿದ್ದೆ. ಪಾಯಿಂಟ್ ತೆರೆದ ಕ್ಷಣ ಅಲ್ಲಿ 200-300 ವೋಲ್ಟ್ ಚಿಮ್ಮುತ್ತದೆ. ನಡುವೆ ಒಂದು ರೆಸಿಸ್ಟರಾದರೂ ಬೇಡವೇ? ನಿಂತ ಕಾರು 9000 ಸುತ್ತು ತೋರಿಸಿತು. ಅದನ್ನು ಸರಿಮಾಡಿದೆ ಅನ್ನುವಷ್ಟರಲ್ಲಿ ಅರ್ಥ್‌ನ ಗೋಳು ಶುರು. ಫೈಬರ್ ಬಾಡಿಯ ಕಾರಿನಲ್ಲಿ ಕಂಡ ಕಂಡ ಸ್ಕ್ರೂಗೆ ಅರ್ಥ್ ಕೊಡಲಾಗುವುದಿಲ್ಲ, ಪ್ರತಿಯೊಂದಕ್ಕೂ ಚಾಸಿಸ್ಸಿಗೋ ಎಂಜಿನ್ನಿಗೋ ಪ್ರತ್ಯೇಕ ವೈರ್ ಹೋಗಬೇಕು. ಕೈಗೆ ಸಿಕ್ಕಿದ್ದು ವೈಪರ್ ಮೋಟರಿನ ಅರ್ಥ್. ಅದಕ್ಕೇ ಪರದೆಯದನ್ನೂ ಸುತ್ತಿದೆ. ಅಲ್ಲಿಂದ ಮುಂದೆ ಮಳೆ ಬಂದರೆ ನನ್ನ ಎಂಜಿನ್ನಿಗೆ ಜ್ವರ. ವೈಪರ್ ಹಾಕಿದ ಕೂಡಲೇ ಟೆಂಪರೇಚರ್ ಏರುತ್ತಿತ್ತು, ನಿಲ್ಲಿಸಿದರೆ ಇಳಿಯುತ್ತಿತ್ತು. ವೈಪರಿನ ಕರೆಂಟು ಆ ಬಡಕಲು ವೈರಿನಲ್ಲಿ ಹರಿಯುವಾಗ ಪರದೆಯ ಸೊನ್ನೆ ಎಂಜಿನ್ನಿನ ಸೊನ್ನೆಗಿಂತ ಒಂದಿಷ್ಟು ಮೇಲೇಳುತ್ತದೆ. ಪರದೆಗೆ ಸೆನ್ಸರಿನ ವೋಲ್ಟೇಜ್ ಕಮ್ಮಿಯಾದಂತೆ ಕಾಣುತ್ತದೆ. ಕಮ್ಮಿ ಎಂದರೆ ಬಿಸಿ ಎಂದೇ ಅದರ ಲೆಕ್ಕ. ಇದನ್ನು ಕಾಗದದ ಮೇಲೆ ಬಿಡಿಸಿ ತೋರಿಸಬಲ್ಲೆ. ಆಗ ಮಾತ್ರ ರೇಡಿಯೇಟರಿಗೆ ನೀರು ಸುರಿಯುತ್ತಾ ಓಡಾಡಿದೆ.

ಸಮಾಧಾನಕ್ಕೆ ಆಸ್ಟನ್ ಮಾರ್ಟಿನ್ ಲಗೊಂಡಾದ ಕಥೆಯನ್ನು ಗೆಳೆಯರಿಗೆ ಹೇಳುತ್ತಿದ್ದೆ. 1976ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಡಿಜಿಟಲ್ ಡ್ಯಾಶ್‌ಬೋರ್ಡಿನೊಂದಿಗೆ ಕಂಡ ಕಾರು ಗಿರಾಕಿಗಳ ಕೈಸೇರಲು 1979 ಬರಬೇಕಾಯಿತು, ಎಲೆಕ್ಟ್ರಾನಿಕ್ಸ್ ಅಷ್ಟು ಕಾಡಿತ್ತು. ಅವರಿಗೇ ಹಾಗಾದರೆ ನನ್ನದೇನು ಎಂಬ ಧಾಟಿ. ಅವರು ಇಲ್ಲದ್ದನ್ನು ಮಾಡಹೊರಟು ಎಡವಿದರು. ನಾನು ಇದ್ದದ್ದನ್ನು ನೆಟ್ಟಗೆ ನೋಡದೆ ಕಿತ್ತೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಬಾಯಿ ಹೇಗೆ ಬಂತೋ.

ಇನ್ನು ಬ್ಯಾಟರಿ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಕೆಲವು ದಿನ ಟಕ್ ಅಂತ ಸ್ಟಾರ್ಟು, ಕೆಲವು ದಿನ ಬರೀ ಟಿಕ್ ಟಿಕ್. ಹೊಸೂರಿಗೆ ಹೋಗಿ ಬಂದ ಮರುದಿನ ಚೆನ್ನಾಗಿರುತ್ತಿತ್ತು. ಊರೊಳಗೇ ಸುತ್ತಿದ್ದರೆ ಸತ್ತಿರುತ್ತಿತ್ತು. ಅದರಲ್ಲೇ ಉತ್ತರ ಇತ್ತು. ನನ್ನ ಕಣ್ಣಿಗೆ ಬಿದ್ದದ್ದು ಬ್ಯಾಟರಿ ಮಾರಿದವರು. ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋದೆ. ಅವರು ಚಾರ್ಜಿಗೆ ಹಾಕಿ, ಲೋಡ್ ಟೆಸ್ಟ್ ಮಾಡಿ, "ಬ್ಯಾಟರಿ ಚೆನ್ನಾಗೈತೆ ಸಾರ್, ಗಾಡೀಲಿ ಚಾರ್ಜಿಂಗ್ ನೋಡಿಸಿ" ಅಂದರು. ನನಗೆ ಪಾಠ ಹೇಳಲು ಬರುತ್ತಾನೆ ಎಂದು ಉರಿದುಹೋಯಿತು. ಸಂತೆಯ ದಿನ, ಅಂಗಡಿ ತುಂಬ ಜನ. ನಾನೂ ಎಲೆಕ್ಟ್ರಾನಿಕ್ಸ್ ಓದಿದವನೇ, ಹಳೇ ಸ್ಟಾಕು ತಗುಲಿಸಿ ಈಗ ಗಾಡಿಯ ಮೇಲೆ ಹೇಳುತ್ತೀಯಾ ಎಂದು ಏಕವಚನಕ್ಕಿಳಿದೆ. ಗಿರಾಕಿಗಳೆದುರು ಮಾನ ಹೋಗುವುದು ಬೇಡವೆಂದೋ ಏನೋ, ಅವರು ತುಟಿ ಬಿಚ್ಚದೆ ಹೊಸ ಬ್ಯಾಟರಿ ಎತ್ತಿ ಕೊಟ್ಟರು. ಗೆದ್ದ ಗತ್ತಿನಲ್ಲಿ ಮನೆಗೆ ಬಂದೆ.

ಆ ಹೊಸ ಬ್ಯಾಟರಿಯನ್ನೇ ನಂಬಿ ಅಪ್ಪನನ್ನು ಕೂರಿಸಿಕೊಂಡು ಅಂಚೆಟ್ಟಿಗೆ ಹೋದದ್ದು, ಸೋದರತ್ತೆಯ ಮನೆಯ ಒಂದು ಕಾರ್ಯಕ್ಕೆ. ಹೊರಡುವಾಗ ಕತ್ತಲೆ, ಸಣ್ಣ ಮಳೆ. ಹೆಡ್‌ಲೈಟು, ವೈಪರು, ಏಳಿಂಚಿನ ಪರದೆ ಎಲ್ಲವೂ ಉರಿಯುತ್ತಿವೆ. ಘಾಟಿಯ ಏರಿನಲ್ಲಿ ಮುಂದೊಂದು ಲೋಡ್ ಲಾರಿ. ಅದರ ಬಾಲ ಹಿಡಿದು ಆಮೆ ನಡಿಗೆ. ಒಂದು ತಿರುವಿನಲ್ಲಿ ಪರದೆ ಕಪ್ಪಾಗಿ, ಮತ್ತೆ ಹೊತ್ತಿ, ಸ್ವಾಗತದ ಚಿತ್ರ ತೋರಿಸಿತು. ಮತ್ತೆ ಕಪ್ಪು, ಮತ್ತೆ ಸ್ವಾಗತ. "ಅದೇನೋ ಅದು, ಆರಿ ಹತ್ತಿ ಆಗ್ತೈತಲ್ಲೋ" ಅಂದರು ಅಪ್ಪ. ಹೆಡ್‌ಲೈಟು ಹಳದಿಯಾಯಿತು, ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಅಲ್ಲಿಂದ ಆಚೆಗೆ ಏನೂ ಇಲ್ಲ. ವೇಗ, ಪೆಟ್ರೋಲು, ಬಿಸಿ, ಗಂಟೆ ಎಲ್ಲ ಒಂದೇ ಏಟಿಗೆ ಕತ್ತಲು. "ಟೈಮ್ ಎಷ್ಟು ಅಂತಾದ್ರೂ ತೋರಿಸ್ತೈತೇನೋ ನೋಡು" ಅಂದರು. ಅಪ್ಪ ಮೇಷ್ಟರಾಗಿದ್ದವರು, ಬೈಯುವ ರೀತಿಯೇ ಹಾಗೆ.

ರಾಗಿ ತೆನೆ ಬಲಿಯುವ ಕಾಲ. ಅಂಚೆಟ್ಟಿ ಸುತ್ತಿನ ಕಾಡು 2014ರಿಂದ ಕಾವೇರಿ ಉತ್ತರ ವನ್ಯಜೀವಿ ಧಾಮ. ಆನೆಗಳು ಹೊಲ ಹುಡುಕಿಕೊಂಡು ರಸ್ತೆ ದಾಟುವುದು ಇದೇ ದಿನಗಳಲ್ಲಿ. ಕಾರಿನಲ್ಲಿ ಹಾರ್ನೂ ಇಲ್ಲ, ಲೈಟೂ ಇಲ್ಲ. ಪುಣ್ಯಕ್ಕೆ ಅರಣ್ಯ ಇಲಾಖೆಯ ಜೀಪೊಂದು ಬಂತು. ಅದರಲ್ಲಿದ್ದವರು ತಮಿಳಿನಲ್ಲಿ ನನ್ನನ್ನು ಚೆನ್ನಾಗಿ ಬೈದು ಅಪ್ಪನನ್ನು ಮರ್ಯಾದೆಯಿಂದ ಹತ್ತಿಸಿಕೊಂಡರು. ಕಾರು ರಾತ್ರಿಯಿಡೀ ಅಲ್ಲೇ.

ಬೆಳಿಗ್ಗೆ ಭಾಯ್ ಬಂದರು. ಬೇರೊಂದು ಬ್ಯಾಟರಿ ಕೂಡಿಸಿ ಸ್ಟಾರ್ಟ್ ಮಾಡಿ ಮೀಟರ್ ಹಿಡಿದರು: 11.9. ಡೈನಮೋಗೆ ಹೋಗುವ ಸಣ್ಣ ವೈರನ್ನು ಹುಡುಕಿ, ಜೇಬಿನಿಂದ ಹೋಲ್ಡರ್ ಸಮೇತ ಒಂದು 3 ವಾಟಿನ ಬಲ್ಬು ತೆಗೆದು, ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ಇಗ್ನಿಶನ್ ವೈರಿಗೂ ಹಿಡಿದು ಆಕ್ಸಿಲರೇಟರ್ ಒಮ್ಮೆ ಒತ್ತಿಸಿದರು. ಬಲ್ಬು ಹೊತ್ತಿ, ಮಂಕಾಗಿ, ಆರಿತು. ಮೀಟರಿನಲ್ಲಿ 14.1. ಅವರು ನನ್ನ ಮುಖ ನೋಡಲಿಲ್ಲ, ಟೇಪ್ ಸುತ್ತತೊಡಗಿದರು.

ನಾವು ಡೈನಮೋ ಎಂದೇ ಕರೆಯುವ ಆಲ್ಟರ್ನೇಟರಿನೊಳಗೆ ಶಾಶ್ವತ ಅಯಸ್ಕಾಂತ ಇರುವುದಿಲ್ಲ. ಕರೆಂಟು ಹುಟ್ಟಿಸಲು ಅದಕ್ಕೆ ಮೊದಲು ಒಂದು ಚಿಟಿಕೆ ಕರೆಂಟು ಬೇಕು. ಹಳೇ ಕಾರುಗಳಲ್ಲಿ ಆ ಚಿಟಿಕೆ ಹೋಗುತ್ತಿದ್ದದ್ದು ಮೀಟರ್ ಬೋರ್ಡಿನ ಆ ಕೆಂಪು ಬಲ್ಬಿನ ಮೂಲಕವೇ, ಹೆಚ್ಚುಕಮ್ಮಿ ಕಾಲು ಆಂಪಿಯರ್. ಡೈನಮೋ ಎದ್ದು ತನ್ನ ಕಾಲ ಮೇಲೆ ನಿಂತ ಮೇಲೆ ಬಲ್ಬಿನ ಎರಡೂ ಕಡೆ ಒಂದೇ ವೋಲ್ಟೇಜ್, ಅದಕ್ಕೇ ಆರುತ್ತದೆ. ನನ್ನ ಪರದೆಯ ಎಲ್‌ಇಡಿ ಚಿಹ್ನೆ ಬಿಡುವುದು ಕೆಲವು ಮಿಲಿ ಆಂಪಿಯರ್ ಮಾತ್ರ. ಹೊಸೂರು ರಸ್ತೆಯಲ್ಲಿ ಜೋರಾಗಿ ತಿರುಗಿದಾಗ ಕಬ್ಬಿಣದಲ್ಲಿ ಉಳಿದಿದ್ದ ಚೂರುಪಾರು ಕಾಂತಗುಣದಿಂದಲೇ ಡೈನಮೋ ಏಳುತ್ತಿತ್ತು. ಊರೊಳಗೆ, ಲಾರಿಯ ಹಿಂದೆ, ಏಳುತ್ತಲೇ ಇರಲಿಲ್ಲ.

ಇನ್ನೊಂದನ್ನೂ ಹೇಳಿಬಿಡಬೇಕು. ಬ್ಯಾಟರಿ ವೋಲ್ಟೇಜ್ ತೋರಿಸುವ ಸೌಕರ್ಯ ಆ ಪರದೆಯಲ್ಲಿತ್ತು. ಬಲಗಡೆ ಮೇಲಿನ ಮೂಲೆಯಲ್ಲಿ, ಕೇಳಿದರೆ ಬರುತ್ತಿತ್ತು. ಆ ಮೂಲೆಗೆ ನಾನು ಲ್ಯಾಪ್ ಟೈಮರ್ ಹಾಕಿಕೊಂಡಿದ್ದೆ. ಡೆಂಕಣಿಕೋಟೆಯಲ್ಲಿ ಲ್ಯಾಪ್!

ಈಗ ಆ ಮೂಲೆಯಲ್ಲಿ ವೋಲ್ಟೇಜ್ ಇದೆ. ಎಂಜಿನ್ ಬ್ಲಾಕಿನಿಂದ ಪರದೆಗೆ ದಪ್ಪನೆಯ ಅರ್ಥ್ ವೈರ್ ಬಂದಿದೆ, ಮಳೆಗೆ ಜ್ವರ ಬರುವುದಿಲ್ಲ. ಭಾಯ್ ಹಾಕಿದ ಬಲ್ಬು ಸ್ಟಿಯರಿಂಗಿನ ಕೆಳಗೆ ನೇತಾಡುತ್ತಿದೆ. ಓಡೋಮೀಟರ್ ಮಾತ್ರ ನಾನು ಸೊನ್ನೆಯಿಂದ ಶುರು ಮಾಡಿಸಿದ್ದು. ಶೋಲಾವರಂ ಕಾಲದ ಆ ಕಾರು ಓಡಿದ ದೂರದ ಲೆಕ್ಕ ಗುಜರಿಯಲ್ಲಿ ಹೋಯಿತು. ಶಿವಾಜಿನಗರಕ್ಕೆ ಹೋಗಿ ಹುಡುಕಿದೆ, ಜೆ.ಸಿ. ರಸ್ತೆಯಲ್ಲಿ ಕೇಳಿದೆ. ಡಾಲ್ಫಿನ್ ಎಂದರೆ ಯಾವ ಕಂಪನಿ ಎಂದು ನನ್ನನ್ನೇ ಕೇಳಿದರು. ಬೆಂಗಳೂರು, ತುಮಕೂರು ಕಡೆಯ ಹಳೇ ಗ್ಯಾರೇಜುಗಳಲ್ಲಿ ಆ ಕಾರಿನ ಮೀಟರ್ ಬೋರ್ಡು ಯಾರ ಹತ್ತಿರವಾದರೂ ಇದ್ದರೆ, ಗಾಜು ಒಡೆದಿದ್ದರೂ ಚಿಂತೆಯಿಲ್ಲ, ದಯವಿಟ್ಟು ಪತ್ರಿಕೆಯವರಿಗೆ ಒಂದು ಮಾತು ತಿಳಿಸಿ.

ಬ್ಯಾಟರಿ ಅಂಗಡಿಯವರಿಗೆ ನಾನಿನ್ನೂ ಏನೂ ಹೇಳಿಲ್ಲ. ದಾರಿಯಲ್ಲಿ ಸಿಕ್ಕರೆ ಈಗಲೂ ಅವರೇ ಮೊದಲು ನಮಸ್ಕಾರ ಮಾಡುತ್ತಾರೆ. ಈ ಲೇಖನದ ಒಂದು ಪ್ರತಿ ಕೊಟ್ಟು ಜಾರಿಕೊಳ್ಳೋಣವೆಂದರೆ, ಮನೆಮಾತು ಕನ್ನಡವಾದರೂ ಅವರು ಓದಿದ್ದು ತಮಿಳು ಶಾಲೆಯಲ್ಲಿ, ಕನ್ನಡದ ಅಕ್ಷರ ಬಾರದು. ಬಾಯಿಬಿಟ್ಟು ಹೇಳಬೇಕು, ಅದೂ ಸಂತೆಯ ದಿನವೇ.