ಬೆಂಚಿನ ಮೇಲೆ ಕಲಿತ ವಿದ್ಯೆ

ಹೇಳಿಕೇಳಿ ನಾನು ಕನ್ನಡ ಮೇಷ್ಟ್ರು. ಹಳಗನ್ನಡದ ಕಂದಪದ್ಯವೊಂದನ್ನು ಬಿಡಿಸಿ ಹೇಳೆಂದರೆ ಹೇಳಿಯೇನು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಓಡೆಂದರೆ ನನ್ನ ಕಾಲೊಂದು ದಿಕ್ಕಿಗೆ, ಚೆಂಡೊಂದು ದಿಕ್ಕಿಗೆ ಹೋಗುತ್ತವೆ. ಆದರೂ ನಮ್ಮ ಕಾಲೇಜಿನ ಹುಡುಗರು ಸಂಜೆ ಬಾಸ್ಕೆಟ್‌ಬಾಲ್ ಆಡುವಾಗ ಅಂಗಳದ ಅಂಚಿನಲ್ಲಿ ನಿಂತು ನೋಡುವ ಚಪಲ ನನಗುಂಟು. ಅದರಲ್ಲಿಯೂ ನನ್ನ ಕಣ್ಣು ಹೋಗುವುದು ಆಡುವವರ ಮೇಲಲ್ಲ. ಬೆಂಚಿನ ಮೇಲೆ ಕುಳಿತು, ಕರೆ ಯಾವಾಗ ಬಂದೀತೋ ಎಂದು ಕಾಯುವವರ ಮೇಲೆ. ಅಮೆರಿಕದ ಸ್ಟೀವ್ ಕರ್ ಎಂಬಾತನ ವೃತ್ತಾಂತ ನನಗೆ ಹಿಡಿಸಿದ್ದು ಈ ಕಾರಣದಿಂದಲೇ. ಐದು ಬಾರಿ ಆಟಗಾರನಾಗಿ, ನಾಲ್ಕು ಬಾರಿ ತರಬೇತುದಾರನಾಗಿ ತನ್ನ ದೇಶದ ಅತ್ಯುಚ್ಚ ವೃತ್ತಿಪಂದ್ಯಾವಳಿಯನ್ನು ಗೆದ್ದ ಈತ, ಆಡಿದ ದಿನಗಳಲ್ಲಿ ಬಹುಪಾಲನ್ನು ಬೆಂಚಿನ ಮೇಲೆಯೇ ಕಳೆದವನು.

ಇನ್ನೊಂದು ಕಾರಣವೂ ಉಂಟು. ಅದು ಮೇಷ್ಟ್ರುಗಳ ಮನೆ. ತಾತ ಸ್ಟಾನ್ಲಿ ಕರ್ ಮೊದಲನೆಯ ಮಹಾಯುದ್ಧದ ತರುವಾಯ ಅನಾಥರಾದ ಆರ್ಮೇನಿಯನ್ ಮಕ್ಕಳ ಸೇವೆಗೆಂದು ಹೋದವರು, ಬೈರೂತಿನ ಅಮೆರಿಕನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ ನಿಂತರು. ತಂದೆ ಮಾಲ್ಕಂ ಕರ್ ಅರಬ್ ರಾಜಕೀಯದ ವಿದ್ವಾಂಸರು. ಸ್ಟೀವ್ ಹುಟ್ಟಿದ್ದೂ ಬೈರೂತಿನಲ್ಲೇ, 1965ರಲ್ಲಿ. ಅಂತರ್ಯುದ್ಧದಲ್ಲಿ ಊರು ಬೇಯುತ್ತಿದ್ದ 1982ರಲ್ಲಿ ತಂದೆ ಆ ವಿಶ್ವವಿದ್ಯಾನಿಲಯದ ಅಧ್ಯಕ್ಷ ಪದವಿಯನ್ನು ಒಪ್ಪಿಕೊಂಡರು. 1984ರ ಜನವರಿ 18ರಂದು, ತಮ್ಮ ಕಚೇರಿಯ ಬಾಗಿಲ ಬಳಿಯೇ, ಇಬ್ಬರು ಬಂದೂಕುಧಾರಿಗಳ ಗುಂಡಿಗೆ ಬಲಿಯಾದರು.

ಮಗನಿಗೆ ಆಗ ಹದಿನೆಂಟು ವರ್ಷ. ಅರಿಜೋನ ವಿಶ್ವವಿದ್ಯಾನಿಲಯದಲ್ಲಿ ಮೊದಲನೆಯ ವರ್ಷದ ವಿದ್ಯಾರ್ಥಿ. ಸುದ್ದಿ ಬಂದ ಎರಡೇ ದಿನಕ್ಕೆ ಆತ ಪಂದ್ಯಕ್ಕಿಳಿದ. ಮೌನಾಚರಣೆಯ ವೇಳೆ ಅತ್ತ. ಆಮೇಲೆ ಕರೆ ಬಂದಾಗ ಎದ್ದುಹೋಗಿ, ದೂರದಿಂದ ಎಸೆದ ಮೊದಲನೆಯ ಚೆಂಡನ್ನೇ ಬುಟ್ಟಿಗೆ ಹಾಕಿದ.

ಇದೇನು ಕಲ್ಲೆದೆ ಎಂದು ತಾಯಂದಿರು ಕೇಳಬಹುದು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ತಂದೆಯ ವೈಕುಂಠ ಸಮಾರಾಧನೆ ಮುಗಿದ ಮರುದಿನವೇ, ಬೋಳಿಸಿದ ತಲೆಯ ಮೇಲೆ ಟೋಪಿಯಿಟ್ಟುಕೊಂಡು, ಕಿರುಪರೀಕ್ಷೆಗೆ ಬಂದು ಕುಳಿತ. "ಇನ್ನೂ ನಾಲ್ಕು ದಿನ ಮನೆಯಲ್ಲಿರಬಾರದಿತ್ತೇನಪ್ಪಾ?" ಎಂದೆ. "ಮನೆಯಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡ್ತಾರೆ ಸಾರ್. ಇಲ್ಲಿ ನೀವು ಹಲಗೆ ನೋಡು ಅಂತೀರಿ" ಎಂದ. ದುಃಖಿಗೆ ಒಂದು ಕೆಲಸ ಬೇಕಾಗುತ್ತದೆ. ಬೇಕಾದ ಕೆಲಸ ಯಾವುದೆಂಬುದನ್ನು ಹೊರಗಿನವರು ನಿರ್ಧರಿಸಲಾಗದು.

1988ರಲ್ಲಿ ಎದುರಾಳಿ ಊರಿನ ಅಂಗಳದಲ್ಲಿ ಕೆಲವು ಪ್ರೇಕ್ಷಕರು ಆತನ ತಂದೆಯ ಹೆಸರೆತ್ತಿ, ಬೈರೂತಿನ ಹೆಸರೆತ್ತಿ ಹೀಯಾಳಿಸಿದರು. ಕಣ್ಣು ತುಂಬಿಬಂದ ಹುಡುಗ ಒಂದು ಗಳಿಗೆ ಕುಳಿತುಕೊಂಡ. ಅನಂತರ ಮೊದಲರ್ಧದಲ್ಲಿಯೇ ಮೂರಂಕದ ಗೆರೆಯಾಚೆಯಿಂದ ಆರು ಚೆಂಡುಗಳನ್ನು ಬುಟ್ಟಿಗಿಳಿಸಿದ.

ವೃತ್ತಿಯ ಆಟಕ್ಕೆ ಆತನನ್ನು ಆರಿಸಿದ್ದು ಐವತ್ತನೆಯವನಾಗಿ. ಆರಡಿ ಮೂರಂಗುಲ ನಮಗೆ ಎತ್ತರ, ಅಲ್ಲಿ ಗಿಡ್ಡ. ವೇಗವಿಲ್ಲ, ಜಿಗಿತವಿಲ್ಲ. ಇದ್ದದ್ದು ದೂರದಿಂದ ಗುರಿಯಿಡುವ ಒಂದೇ ವಿದ್ಯೆ. ಆ ಒಂದರಲ್ಲಿ ಮಾತ್ರ ಹದಿನೈದು ವರ್ಷಗಳ ಸರಾಸರಿ ನೂರಕ್ಕೆ 45.4. ಅರ್ಧ ಗಂಟೆ ಮೈ ತಣ್ಣಗಾಗಿಸಿಕೊಂಡು ಕುಳಿತು, ಫಕ್ಕನೆ ಎದ್ದು, ಮೊದಲನೆಯ ಎಸೆತವನ್ನೇ ಗುರಿಗೆ ಮುಟ್ಟಿಸುವುದು ಎಂಥ ಸಾಧನೆಯೆಂದು ಊಹಿಸಿ! 1997ರ ಅಂತಿಮ ಸರಣಿಯ ಆರನೆಯ ಪಂದ್ಯದಲ್ಲಿ ಷಿಕಾಗೋ, ಯೂಟಾ ಎರಡೂ 86ರಲ್ಲಿದ್ದವು. ಎಲ್ಲರ ಕಣ್ಣೂ ಮೈಕೆಲ್ ಜೋರ್ಡಾನನ ಮೇಲೆ. ಇಬ್ಬರು ತನ್ನನ್ನು ಮುತ್ತಿದೊಡನೆ ಆತ ಚೆಂಡನ್ನು ಕರ್‌ನ ಕೈಗೆ ದಾಟಿಸಿದ. ಐದು ಸೆಕೆಂಡು ಉಳಿದಿರುವಾಗ ಚೆಂಡು ಬುಟ್ಟಿಗೆ ಬಿತ್ತು, ಪ್ರಶಸ್ತಿ ಷಿಕಾಗೋದ ಪಾಲಾಯಿತು. ಇದೇ ಜೋರ್ಡಾನ್ ಎರಡು ವರ್ಷಗಳ ಹಿಂದೆ ಅಭ್ಯಾಸದ ಜಗಳದಲ್ಲಿ ಇವನ ಕಣ್ಣಿಗೆ ಗುದ್ದಿದ್ದನೆಂಬುದು ಬೇರೆ ಮಾತು.

2014ರಲ್ಲಿ ಆತ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ತರಬೇತುದಾರನಾದ. ಮೊದಲನೆಯ ವರ್ಷವೇ, ನಲವತ್ತು ವರ್ಷಗಳ ತರುವಾಯ, ಆ ತಂಡಕ್ಕೆ ಪ್ರಶಸ್ತಿ ಬಂತು. ಮರುವರ್ಷ 82 ಪಂದ್ಯಗಳಲ್ಲಿ 73 ಗೆದ್ದು ದಾಖಲೆಯಾಯಿತು. ಬೆನ್ನಿನ ಶಸ್ತ್ರಕ್ರಿಯೆಯ ತೊಡಕಿನಿಂದ ನರಳುತ್ತಿದ್ದ ಕರ್ ಮೊದಲ 43 ಪಂದ್ಯಗಳಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಆತನ ಸಹಾಯಕ 39ನ್ನು ಗೆಲ್ಲಿಸಿದ. ನಿಯಮದಂತೆ ಲೆಕ್ಕದ ಪುಸ್ತಕದಲ್ಲಿ ಅಷ್ಟೂ ಕರ್‌ನ ಹೆಸರಿಗೆ! ಕಡೆಗೆ ಅಂತಿಮ ಸರಣಿಯಲ್ಲಿ ಸೋತರು.

ನನ್ನನ್ನು ಬಹಳ ಕಾಡಿದ ಪ್ರಸಂಗ 2018ರ ಫೆಬ್ರವರಿ 12ರದು. ನಾಲ್ಕನೆಯ ವರ್ಷಕ್ಕೆ ಶಿಷ್ಯರಿಗೆ ತನ್ನ ಧ್ವನಿ ಸಾಕಾಗಿದೆಯೆಂದು ಆತನಿಗೇ ಅನ್ನಿಸಿತ್ತು. ಅಂದು ಫೀನಿಕ್ಸ್ ತಂಡದ ವಿರುದ್ಧ ಪಂದ್ಯ. ವಿರಾಮದ ವೇಳೆ ವ್ಯೂಹ ಬರೆದು ತೋರಿಸುವ ಹಲಗೆಯನ್ನು ಆತ ಆಟಗಾರರ ಕೈಗೇ ಕೊಟ್ಟು ಹಿಂದೆ ಸರಿದ. ಅವರೇ ಬರೆದರು, ಅವರೇ ವಾದಿಸಿದರು; 129ಕ್ಕೆ 83ರಂತೆ ಗೆದ್ದರು. ಎದುರಾಳಿಗೆ ಇದು ಅವಮಾನವೆಂದು ಕೆಲವರು ಗೊಣಗಿದರು. ಆ ಗೊಣಗಿನಲ್ಲಿ ಹುರುಳಿಲ್ಲವೆನ್ನಲಾರೆ; ಬಲಿಷ್ಠ ತಂಡದೆದುರು ಹೀಗೆ ಮಾಡುತ್ತಿದ್ದನೇ ಎಂಬ ಸಂದೇಹ ನನಗೂ ಉಂಟು. ಆದರೆ ತನ್ನ ಧ್ವನಿ ಹಳಸಿತೆಂದು ಶಿಷ್ಯರಿಗಿಂತ ಮುಂಚೆ ತಾನೇ ಕಂಡುಕೊಳ್ಳುವ ಮೇಷ್ಟ್ರುಗಳು ಎಷ್ಟು ಮಂದಿ? ಈ ಪ್ರಸಂಗವನ್ನು ತಿಳಿದ ಮೇಲೆ ವಾರಕ್ಕೊಂದು ದಿನ ನಾನು ಸೀಮೆಸುಣ್ಣವನ್ನು ಹುಡುಗರ ಕೈಗೆ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅಲ್ಲಿಂದ ತರಗತಿ ಬೇರೆಯೇ ಕಾಣುತ್ತದೆ; ಹಲಗೆಯ ಬಲಮೂಲೆಯ ಅಕ್ಷರ ಕಾಣುವುದೇ ಇಲ್ಲ.

ಪಕ್ವ ಶಿಷ್ಯರು ಇದ್ದಾಗ ಇದೆಲ್ಲ ಸಲೀಸು. 2019-20ರಲ್ಲಿ ಮುಖ್ಯ ಆಟಗಾರರು ಗಾಯಗೊಂಡು ಹೊರಗುಳಿದಾಗ 65 ಪಂದ್ಯಗಳಲ್ಲಿ ಗೆದ್ದದ್ದು 15 ಮಾತ್ರ. ಎರಡು ವರ್ಷ ಕಳೆದು ತಂಡ ಮತ್ತೆ ಪ್ರಶಸ್ತಿಯ ಸಮೀಪಕ್ಕೆ ಬಂದಿತ್ತು. 2022ರ ಮೇ 24ರಂದು ಡಲ್ಲಸ್ ನಗರದಲ್ಲಿ ಪಂದ್ಯಕ್ಕೆ ಮುಂಚೆ ಪತ್ರಕರ್ತರು ಎಂದಿನಂತೆ ಕಾದಿದ್ದರು. ಅದೇ ದಿನ ಅದೇ ಟೆಕ್ಸಾಸ್ ಪ್ರಾಂತದ ಯುವಾಲ್ಡೆ ಎಂಬ ಊರಿನ ಶಾಲೆಯಲ್ಲಿ ಒಬ್ಬ ಬಂದೂಕುಧಾರಿ 19 ಮಕ್ಕಳನ್ನೂ ಇಬ್ಬರು ಉಪಾಧ್ಯಾಯಿನಿಯರನ್ನೂ ಕೊಂದಿದ್ದ. ಆಟದ ಮಾತನ್ನು ತಾನು ಇಂದು ಆಡುವುದಿಲ್ಲವೆಂದು ಕರ್ ಸ್ಪಷ್ಟವಾಗಿ ತಿಳಿಸಿದ. ಬಂದೂಕಿನ ಮಸೂದೆಯನ್ನು ತಡೆಹಿಡಿದ ಶಾಸನಕರ್ತರನ್ನು ನಡುಗುವ ಧ್ವನಿಯಲ್ಲಿ ಪ್ರಶ್ನಿಸಿ, ಮೇಜನ್ನು ಗುದ್ದಿ, ಎದ್ದು ಹೊರಟುಹೋದ. ಆ ರಾತ್ರಿ ಆತನ ತಂಡ ಸೋತಿತು. ಎರಡು ದಿನಗಳ ಮೇಲೆ ಅದೇ ಡಲ್ಲಸ್ ತಂಡವನ್ನು ತನ್ನೂರಿನಲ್ಲಿ ಸೋಲಿಸಿ ಅಂತಿಮ ಸರಣಿಗೆ ಹೋಯಿತು.